ಇತ್ತೋಳ ಓರೆ ಕುತ್ತಿಗೆ

ಸೆಫ್ರೂ ಊರಿನ ಹಳೇ ಹಮ್ಮಾಮಿನಲ್ಲಿ, ಅಂದರೆ ಊರವರ ಉಗಿಸ್ನಾನದ ಮನೆಯಲ್ಲಿ, ಗಂಡಸರ ಮೈ ತಿಕ್ಕುವ ಬೂಶ್ತಾ ಎಂದರೆ, ಕುತ್ತಿಗೆ ಹಿಡಿದುಕೊಂಡವರಿಗೆಲ್ಲ ದೊಡ್ಡ ಧೈರ್ಯ. ಬಿಸಿ ಕಲ್ಲಿನ ಮೇಲೆ ಮಲಗಿಸಿ, ಕಪ್ಪು ಸಾಬೂನು ಹಚ್ಚಿ, ಗಲ್ಲಕ್ಕೊಂದು ಕೈ ತಲೆಗೊಂದು ಕೈ ಕೊಟ್ಟು ತಿರುವಿದನೆಂದರೆ ಲಟಕ್ಕನೆ ಸದ್ದು. ಬಂದವನು ನಗುತ್ತಾ ಎದ್ದು ಹೋಗುತ್ತಿದ್ದ. ಡಾಕ್ಟರುಗಳ ಹೆಸರೆತ್ತಿದರೆ ಬೂಶ್ತಾನಿಗೆ ಸಿಟ್ಟು ಮೂಗಿನ ತುದಿಗೆ ಬರುತ್ತಿತ್ತು.

ಅಂಥವನ ಮಗಳು ಇತ್ತೋಳ ಕುತ್ತಿಗೆಯೇ ಓರೆಯಾಯಿತು. ಗಂಟಲು ಬಾತು ಜ್ವರ ಬಂದಿತ್ತು. ಜ್ವರ ಇಳಿಯಿತು, ಕುತ್ತಿಗೆ ನೆಟ್ಟಗಾಗಲಿಲ್ಲ. ತಲೆ ಎಡಕ್ಕೆ ವಾಲಿ, ಗಲ್ಲ ಬಲಕ್ಕೆ ತಿರುಗಿತ್ತು. ವಾರಗಳು ಕಳೆದರೂ ನೋವು ಬಿಡಲಿಲ್ಲ. ರೊಟ್ಟಿ ಅಗಿಯುವುದಕ್ಕೂ ಹುಡುಗಿ ಅಳುತ್ತಿದ್ದಳು.

"ಏನು ಬೂಶ್ತಾ, ಊರಿನ ಕುತ್ತಿಗೆಗೆಲ್ಲ ನೀನು. ನಿನ್ನ ಮಗಳು ಮಾತ್ರ ಇನ್ನೂ ಮಾಡಿನ ಮೇಲಿನ ಬೆಕ್ಕು ನೋಡ್ತಿದಾಳಲ್ಲ," ಎಂದು ಹಮ್ಮಾಮಿನ ಒಲೆಗೆ ಕಟ್ಟಿಗೆ ಹಾಕುವ ಹಮ್ಮಾದಿ ಕಿಚಾಯಿಸಿದ. ಆ ಮಾತು ಎದೆಗೆ ನಾಟಿತು.

ಹೆಂಗಸರ ಸರದಿಯಲ್ಲಿ ಹೆಂಡತಿ ರಹ್ಮಾ ಮಗಳನ್ನು ಹಮ್ಮಾಮಿಗೆ ಕರೆದೊಯ್ದು, ಮೈಯ ಬಿಸಿ ಆರುವ ಮೊದಲೇ ಮನೆಗೆ ಕರೆತಂದಳು. ಬಿಸಿ ಮೈಗೆ ಕುತ್ತಿಗೆ ಸಡಿಲವಾಗುತ್ತದೆಂದು ಗಂಡನ ಅಪ್ಪಣೆ. ಬೂಶ್ತಾ ಆಲಿವ್ ಎಣ್ಣೆ ಸವರಿ ಗಲ್ಲ ಹಿಡಿದ. ಅರ್ಧ ತಿರುವುವಷ್ಟರಲ್ಲಿ ಇತ್ತೋ ಕಿರುಚಿ ಅವನ ಮಣಿಕಟ್ಟು ಕಚ್ಚಿದಳು. ಕೈ ಬಿಟ್ಟ.

"ಹಟಮಾರಿ. ನಾಳೆ ನೀನು ಇವಳ ಕಾಲು ಹಿಡ್ಕೋ, ಒಂದೇ ಏಟಿಗೆ ಮುಗಿಸ್ತೀನಿ," ಎಂದು ಹೆಂಡತಿಯ ಮೇಲೆ ಹಾರಾಡಿದ.

"ನಾಳೆ ಇವಳನ್ನ ಫೆಸ್ ಪಟ್ಟಣದ ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀನಿ. ಬರೋದಾದ್ರೆ ಬನ್ನಿ," ಎಂದಳು ರಹ್ಮಾ. ಅವಳು ಎದುರಾಡಿದ್ದು ಅದೇ ಮೊದಲು. ಗೊಣಗುತ್ತಲೇ ಅವನೂ ಬಸ್ಸು ಹತ್ತಿದ.

ತಲೆ ವಾಲಿದ್ದರಿಂದ ಎಕ್ಸ್‌ರೇಯಲ್ಲಿ ಮೂಳೆಗಳು ಒಂದರ ಮೇಲೊಂದು ಬಿದ್ದು ಏನೂ ಸ್ಪಷ್ಟವಾಗಲಿಲ್ಲ. ಸ್ಕ್ಯಾನ್ ಮಾಡಿಸಿದರು. ಡಾಕ್ಟರಮ್ಮ ಪರದೆಯನ್ನು ಅವನತ್ತ ತಿರುಗಿಸಿದಳು.

"ಇದು ತಲೆ ಹೊರೋ ಮೂಳೆ. ಇದು ಅದರ ಕೆಳಗಿಂದು. ಗಂಟಲಿನ ಸೋಂಕಿಗೆ ಮೂಳೆ ಹಿಡಿದಿರೋ ಕಟ್ಟುಗಳು ಸಡಿಲಾಗಿ ಮೇಲಿಂದು ತಿರುಗಿ ಜಾರಿದೆ. ಬೆನ್ನಿನ ನರದ ಹುರಿ ಇಳಿಯೋದು ಇದೇ ಸಂದಿನಲ್ಲಿ. ಯಾರಾದ್ರೂ ಕುತ್ತಿಗೆ ತಿರುವಿದ್ರಾ?"

ರಹ್ಮಾ ಗಂಡನನ್ನೇ ನೋಡುತ್ತಿದ್ದಳು.

"ಅರ್ಧ," ಎಂದ ಬೂಶ್ತಾ. "ಕಚ್ಚಿದಳು, ಬಿಟ್ಟೆ."

"ಕಚ್ಚಿದ್ದೇ ಒಳ್ಳೇದಾಯ್ತು. ಪೂರ್ತಿ ತಿರುವಿದ್ರೆ ಕೈಕಾಲು ಹೋಗಿರೋದು. ಉಸಿರೂ ನಿಂತಿರೋದು."

ಬೂಶ್ತಾ ಅಂಗಿಯ ತೋಳು ಸರಿಸಿ ನೋಡಿಕೊಂಡ. ಮಣಿಕಟ್ಟಿನ ಮೇಲೆ ಪುಟ್ಟ ಹಲ್ಲುಗಳ ಗುರುತು ಇನ್ನೂ ಕೆಂಪಗಿತ್ತು.

ಇತ್ತೋಳನ್ನು ಮಲಗಿಸಿ, ತಲೆಗೆ ಪಟ್ಟಿ ಕಟ್ಟಿ, ಮೂಳೆ ನಿಧಾನವಾಗಿ ಜಾಗಕ್ಕೆ ಮರಳಲೆಂದು ಸಣ್ಣ ತೂಕ ತೂಗುಬಿಟ್ಟರು. ಬೂಶ್ತಾ ಮಗಳ ಕಾಲ ಬಳಿ ಕೂತ. ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡಿದ್ದ.

"ಕಾಲಿನ ಹೆಬ್ಬೆರಳು ಆಡಿಸು, ಇತ್ತೋ."

ಆಡಿಸಿದಳು.

"ಇನ್ನೊಂದ್ಸಲ."

"ಈಗ್ಲೇ ಆಡಿಸಿದ್ನಲ್ಲಪ್ಪಾ."

"ಆಡಿಸ್ತಾನೇ ಇರಮ್ಮ. ನಾನು ನೋಡ್ತಿರ್ತೀನಿ."