ಬಿಲ್ಲೆಯಿಲ್ಲದೆ ಎದ್ದವಳು

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಮುಂಬಯಿಯ ಭಾಂಡುಪಿನ ಒಂದು ಚಾಳ್‌ನಲ್ಲಿದ್ದೆವು. ನನ್ನ ಗಂಡ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಕೆಲಸ ಮಾಡುತ್ತ, ಅಲ್ಲಿಯೇ ಅಟ್ಟದ ಮೇಲೆ ಮಲಗಿ, ವಾರದ ರಜೆಗೆ ಮಾತ್ರ ಮನೆಗೆ ಬರುತ್ತಿದ್ದರು. ಉಡುಪಿ ಕಡೆಯ ಹಳ್ಳಿಯಲ್ಲಿ ಮೆಟ್ರಿಕ್ ಮಾಡಿಕೊಂಡು ಬಂದಿದ್ದ ನನಗೆ ಹಗಲಿಡೀ ಖೋಲಿಯ ಗೋಡೆ ನೋಡಿಕೊಂಡಿರುವುದು ಸಾಧ್ಯವಾಗಲಿಲ್ಲ. ಹತ್ತಿರದ ಔಷಧಿ ಕಂಪೆನಿಯೊಂದರಲ್ಲಿ ಬಾಟಲಿಗೆ ಲೇಬಲ್ ಅಂಟಿಸುವ ಕೆಲಸಕ್ಕೆ ಸೇರಿಕೊಂಡೆ.

ಉದ್ದನೆಯ ಹಾಲಿನಲ್ಲಿ ಹೆಂಗಸರು ಮಾತ್ರ ಸಾಲಾಗಿ ಕೂರುತ್ತಿದ್ದೆವು. ಮೊದಮೊದಲು ಕೆಲಸ ಹಿತವಾಗಿಯೇ ಇತ್ತು. ಆಮೇಲೆ ಮಾಲೀಕರ ನೆಂಟನೊಬ್ಬ ಮ್ಯಾನೇಜರನಾಗಿ ಬಂದ. ಹೆಂಗಸರು ಸುಮ್ಮಸುಮ್ಮನೆ ಎದ್ದುಹೋಗುತ್ತಾರೆ ಎಂಬುದು ಅವನ ತಕರಾರು. ಸೂಪರ್‌ವೈಸರಳ ಮೇಜಿನ ಪಕ್ಕ ಮೊಳೆಗೆ ಒಂದು ಮರದ ಬಿಲ್ಲೆ ತೂಗುಹಾಕಿಸಿದ. ಪಾಯಖಾನೆಗೆ ಹೋಗುವವಳು ಅದನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ಇಡೀ ಹಾಲಿಗೆ ಇದ್ದದ್ದು ಅದೊಂದೇ. ಅದನ್ನು ಕೇಳುವಾಗ ಸಾಲಿನ ಎಲ್ಲರೂ ನೋಡುತ್ತಿದ್ದರು. ನಾವು ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆವು. ಒಬ್ಬೊಬ್ಬರಿಗೇ ಉರಿಮೂತ್ರ ಶುರುವಾಯಿತು. ಅದನ್ನು ಪಿಸುಮಾತಿನಲ್ಲಿ ಹೇಳಿಕೊಳ್ಳುತ್ತಿದ್ದೆವೇ ಹೊರತು ಯಾರೂ ಬಾಯಿ ತೆರೆಯಲಿಲ್ಲ.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಬಿಜಾಪುರ ಕಡೆಯವಳು. ಮಿತಭಾಷಿ, ಕೆಲಸದಲ್ಲಿ ಚುರುಕು. ಆಗ ದಿನ ತುಂಬುತ್ತ ಬಂದಿದ್ದ ಬಸುರಿ. ಒಂದು ಮಧ್ಯಾಹ್ನ ಬಿಲ್ಲೆ ಬೇರೆ ಯಾರೋ ಒಯ್ದಿದ್ದರು. ಅವಳು ಎರಡು ಸಲ ಕೇಳಿದಳು. ಕಾಯಬೇಕೆಂದು ಸೂಪರ್‌ವೈಸರ್ ಹೇಳಿದಳು. ಮೂರನೆಯ ಸಲ ಅವಳು ಕೇಳಲಿಲ್ಲ. ಸೊಂಟಕ್ಕೆ ಕೈಕೊಟ್ಟು ಎದ್ದು ನೇರವಾಗಿ ಹೊರಗೆ ನಡೆದಳು.

ಅವಳು ಮರಳುವ ಹೊತ್ತಿಗೆ ಕ್ಯಾಬಿನ್ನಿನಿಂದ ಕರೆ ಬಂದಿತ್ತು. ಅವಳಿಗೆ ಬರುತ್ತಿದ್ದುದು ಬಜಾರಿನ ಹಿಂದಿ. ಅವಳ ಮಾತನ್ನು ತಿಳಿಸಿ ಹೇಳಲು ನನ್ನನ್ನೂ ಕರೆಸಿದರು.

ಮ್ಯಾನೇಜರ್ ಕೂಗಾಡಲಿಲ್ಲ. ಎಲ್ಲ ಹೆಂಗಸರ ಎದುರು ತಪ್ಪಾಯಿತೆಂದರೆ ಕೆಲಸ ಉಳಿಯುತ್ತದೆ ಎಂದು ಮೆಲುದನಿಯಲ್ಲಿಯೇ ಹೇಳಿದ. ನಾನು ಅವಳಿಗೆ ತಿಳಿಸಿ, "ತಪ್ಪಾಯ್ತು ಅಂದುಬಿಡು ಮಾರಾಯ್ತಿ, ಒಂದು ಮಾತಲ್ಲವಾ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಅಕ್ಕಾರ, ಬಸುರಿ ಹೊರಗ ಹೋಗೂದು ತಪ್ಪಾದ್ರ, ಇವರನ್ನ ಹಡದಾಕಿನೂ ತಪ್ಪ ಮಾಡ್ಯಾಳ. ನಾ ಅಂದಂಗ ಹೇಳ್ರಿ."

ಬಾಗಿಲ ಬಳಿ ನಿಂತಿದ್ದ ಸೂಪರ್‌ವೈಸರ್ ಬೇಡವೆಂಬಂತೆ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದಳು. ಅವಳಿಗೆ ಕನ್ನಡ ಬಾರದಿದ್ದರೂ ಧ್ವನಿ ಅರ್ಥವಾಗಿತ್ತು. ನಾನು ಆ ಬಸುರಿ ಅಂದದ್ದನ್ನು ಅಂದಂತೆಯೇ ಹಿಂದಿಯಲ್ಲಿ ಹೇಳಿದೆ. ಮ್ಯಾನೇಜರನ ಮುಖ ಕೆಂಪಾಯಿತು. ಅವಳನ್ನು ಅಂದೇ ಕೆಲಸದಿಂದ ತೆಗೆದರು. ನನ್ನನ್ನು ಬಾಟಲಿ ತೊಳೆಯುವ ವಿಭಾಗಕ್ಕೆ ಹಾಕಿದರು. ಅಲ್ಲಿ ಕಾಸ್ಟಿಕ್ ಸೋಡಾ ಬೆರೆಸಿದ ನೀರಿಗೆ ಬೆರಳ ಸಂದುಗಳ ಚರ್ಮ ಸುಲಿಯುತ್ತಿತ್ತು.

ಆ ಸಂಜೆ ಸೂಪರ್‌ವೈಸರ್ ಗೇಟಿನ ಹೊರಗೆ ನನಗಾಗಿ ಕಾದಿದ್ದಳು. ಅವಳೂ ಒಂದು ಕಾಲದಲ್ಲಿ ಅದೇ ಸಾಲಿನಲ್ಲಿ ಕೂತು ಮೇಲೆ ಬಂದವಳು. ತಾನಾಗಿದ್ದರೆ ಮಾತನ್ನು ಸ್ವಲ್ಪ ತಿರುಗಿಸಿ ಹೇಳಿ ಆ ಬಸುರಿಯ ಅನ್ನ ಉಳಿಸುತ್ತಿದ್ದೆ ಎಂದು ಮರಾಠಿಯಲ್ಲಿ ಹೇಳಿದಳು. ಬೈಗುಳವಾಗಿದ್ದರೆ ಮರೆಯಬಹುದಿತ್ತು. ಅವಳ ಕಣ್ಣಲ್ಲಿ ನೀರಿತ್ತು. ಎಷ್ಟೋ ದಿನ ಆ ಮಾತು ನನ್ನನ್ನು ಬಿಡಲಿಲ್ಲ. ಗಂಡನಿಗೆ ಹೇಳಿದರೆ, ಹೋಟೆಲಿನಲ್ಲಿ ಇದಕ್ಕಿಂತ ಕಷ್ಟ ನೋಡಿದ್ದೇನೆ ಎಂದರು.

ಮಳೆಗಾಲ ಕಳೆದ ಮೇಲೆ ಆ ಬಿಜಾಪುರದವಳು ಭಾಂಡುಪ್ ಸ್ಟೇಷನ್ನಿನಲ್ಲಿ ಸಿಕ್ಕಳು. ಕಟ್ಟಡದ ಕೆಲಸಕ್ಕೆ ಹೊರಟಿದ್ದಳು. ಸೀರೆಯ ಜೋಳಿಗೆಯಲ್ಲಿ ಹೆಣ್ಣುಕೂಸು ನಿದ್ದೆ ಮಾಡುತ್ತಿತ್ತು. ಕಂಕುಳಲ್ಲಿ ಸಿಮೆಂಟು ಮೆತ್ತಿದ ಬುಟ್ಟಿ. ಅಂದು ನಾನು ಮಾತನ್ನು ಮೆತ್ತಗೆ ಮಾಡಿ ಹೇಳಬೇಕಿತ್ತೇ ಎಂದು ಕೇಳಿಯೇಬಿಟ್ಟೆ.

"ಹಂಗ ಹೇಳಿದ್ರ ಅದು ನಿಮ್ಮ ಮಾತಾಗ್ತಿತ್ರಿ, ನಂದಾಗ್ತಿರಲಿಲ್ಲ," ಎಂದಳು.

ಅಷ್ಟರಲ್ಲಿ ಲೋಕಲ್ ರೈಲು ಬಂತು. ಅವಳು ಒಂದು ಕೈಯಿಂದ ಕೂಸಿನ ತಲೆ ಮುಚ್ಚಿಕೊಂಡು ಹೆಂಗಸರ ಡಬ್ಬಿಗೆ ಹತ್ತಿದಳು. ಮತ್ತೆ ಭೇಟಿಯಾಗಲಿಲ್ಲ. ಆ ವರ್ಷದ ಕೊನೆಗೆ ನಾನೂ ಕಂಪೆನಿ ಬಿಟ್ಟು ವಿಲೆ ಪಾರ್ಲೆಯ ಬಟ್ಟೆ ಅಂಗಡಿಯೊಂದಕ್ಕೆ ಸೇರಿದೆ. ದೂರವಾದರೂ ಅಲ್ಲಿಯ ಯಜಮಾನ ಸಜ್ಜನ. ಕೈಯ ಚರ್ಮ ಸರಿಹೋಗಲು ಮಾತ್ರ ಬಹಳ ಕಾಲ ಹಿಡಿಯಿತು.