ಆರೂವರೆ ಬ್ಯಾಂಡಿನ ತರಗತಿ

ಮಂಜೇಶ್ವರದಲ್ಲಿ, ಹಾಸಿಗೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ನಾನು ಹನ್ನೊಂದು ತಿಂಗಳು ಇಂಗ್ಲಿಷ್ ಕಲಿಸಿದೆ. ಕಲಿಸಿದೆ ಎನ್ನುವುದು ದೊಡ್ಡ ಮಾತು. ವಿದೇಶದಲ್ಲಿ ನೆಲೆಸಲು ಹೊರಟವರು ಒಂದು ಇಂಗ್ಲಿಷ್ ಪರೀಕ್ಷೆ ಬರೆಯಬೇಕು; ಅದರ ಅಂಕಗಳಿಗೆ ಬ್ಯಾಂಡ್ ಎಂದು ಹೆಸರು, ಒಂಬತ್ತು ಎಲ್ಲಕ್ಕಿಂತ ಹೆಚ್ಚಿನದು. ಅದಕ್ಕೆ ತಯಾರು ಮಾಡುತ್ತೇವೆ ಎಂದು ಆ ಕೇಂದ್ರದ ಬೋರ್ಡಿನಲ್ಲಿತ್ತು. ಬಂದವರು ಬೇಗ ಹೊರಡದಂತೆ ನೋಡಿಕೊಳ್ಳುವುದು ಒಳಗಿನ ಕೆಲಸ. ಎರಡು ಸಾವಿರದ ಹನ್ನೆರಡರ ಸುಮಾರಿಗೆ ನಾನು ಬಿ.ಎಡ್. ಮುಗಿಸಿ, ಸರಕಾರಿ ಶಾಲೆಯ ನೇಮಕಾತಿಗೆ ಕಾಯುತ್ತಿದ್ದೆ. ಮನೆಯಲ್ಲಿ ಕೂತು ಕಾಯುವ ಬದಲು ಅಲ್ಲಿ ಕೂತು ಕಾದೆ.

ಕೇಂದ್ರದ ಮಾಲಕರನ್ನು ನಾವೆಲ್ಲ ಸಾರ್ ಎನ್ನುತ್ತಿದ್ದೆವು. ಸೆಕೆಗೆ ಗೋಡೆಯೇ ಬೆವರುವ ಏಪ್ರಿಲ್‌ನಲ್ಲೂ ಅವರು ಟೈ ಕಟ್ಟುತ್ತಿದ್ದರು. ಎರಡು ವರ್ಷ ಲಂಡನ್ನಿನಲ್ಲಿದ್ದೆ ಎನ್ನುವುದು ಅವರ ಒಟ್ಟು ಯೋಗ್ಯತೆ. ಅಲ್ಲಿ ಏನು ಮಾಡುತ್ತಿದ್ದರು, ಯಾಕೆ ಮರಳಿದರು ಎಂದು ಯಾರೂ ಕೇಳುವಂತಿರಲಿಲ್ಲ. ಅವರ ಪಾಠವೆಂದರೆ ಒಂದು ಜೆರಾಕ್ಸ್ ಪುಸ್ತಕ. ಯಾವ ವಿಷಯ ಕೊಟ್ಟರೂ ಪ್ರಬಂಧದ ಮೊದಲ ಎರಡು ವಾಕ್ಯ ಒಂದೇ ಇರಬೇಕು, ಅದನ್ನು ಬಾಯಿಪಾಠ ಮಾಡಿಸುತ್ತಿದ್ದರು. ಹವ್ಯಾಸ ಏನೆಂದು ಪರೀಕ್ಷಕರು ಕೇಳಿದರೆ ಗಾರ್ಡನಿಂಗ್ ಎನ್ನಬೇಕು. ಹೀಗೆ ಆ ಮಹಡಿಯಿಂದ ಇಳಿದವರೆಲ್ಲ ಹೂಗಿಡ ಬೆಳೆಸುವವರೇ. ತರಗತಿಯಲ್ಲಿ ಕನ್ನಡವೋ ತುಳುವೋ ಮಲಯಾಳವೋ ಬಾಯಿಗೆ ಬಂದರೆ ಹತ್ತು ನಿಮಿಷ ನಿಲ್ಲಬೇಕು. ನಿಲ್ಲುತ್ತಿದ್ದವರು ಮಕ್ಕಳಲ್ಲ. ಮೂವತ್ತು ನಲವತ್ತು ದಾಟಿದ ನರ್ಸುಗಳು, ಲ್ಯಾಬಿನವರು, ಮಕ್ಕಳನ್ನು ಶಾಲೆಗೆ ಬಿಟ್ಟು ಬಸ್ಸು ಹಿಡಿದು ಬಂದವರು.

ಸೇರುವಾಗ ಒಂದು ಪದ್ಧತಿಯಿತ್ತು. ನರ್ಸಿಂಗ್ ಸರ್ಟಿಫಿಕೇಟು, ಅನುಭವದ ಪತ್ರ, ಎಲ್ಲದರ ಅಸಲು ಪ್ರತಿಯನ್ನು ಸಾರ್ ಪರಿಶೀಲನೆಗೆಂದು ತೆಗೆದುಕೊಂಡು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಕೇಂದ್ರದ ಮಾದರಿ ಪರೀಕ್ಷೆಯಲ್ಲಿ ಮೂರು ಸಲ ಏಳು ಬ್ಯಾಂಡ್ ಬಂದ ಮೇಲೆ ಮಾತ್ರ ಅವು ವಾಪಸ್. ಬರದಿದ್ದರೆ ಮತ್ತೊಂದು ಬ್ಯಾಚು, ಮತ್ತೊಮ್ಮೆ ಫೀಸು. ಉತ್ತರ ತಿದ್ದುವವಳು ನಾನು. ಮೊದಲ ವಾರವೇ ಸಾರ್ ನನ್ನನ್ನು ಕರೆದು, "ಆರೂವರೆ ಮೇಲೆ ಯಾರಿಗೂ ಹಾಕ್ಬೇಡಿ. ಹೆಚ್ಚು ಕೊಟ್ರೆ ಅವರಿಗೆ ಅಸಡ್ಡೆ ಬರ್ತದೆ" ಎಂದರು. ನಾನು ಆಗಲಿ ಎಂದೆ.

ಬಾಯಾರು ಎಂಬ ಊರಿನ ಕಡೆಯ ಒಬ್ಬರು ಅಕ್ಕ ಸೇರಿದ್ದು ಆ ಮಳೆಗಾಲದಲ್ಲಿ. ಗಲ್ಫಿನ ಆಸ್ಪತ್ರೆಯೊಂದರ ತೀವ್ರ ನಿಗಾ ವಿಭಾಗದಲ್ಲಿ ಹದಿನಾಲ್ಕು ವರ್ಷ ನರ್ಸಾಗಿದ್ದವರು. ಅಲ್ಲಿ ಎಷ್ಟು ದುಡಿದರೂ ಕಾಂಟ್ರಾಕ್ಟು ಮುಗಿದ ದಿನ ಪೆಟ್ಟಿಗೆ ಕಟ್ಟಬೇಕು. ಮಗಳು ಹೈಸ್ಕೂಲಿಗೆ ಬರುವ ಮೊದಲು ಎಲ್ಲಾದರೂ ಒಂದು ಕಡೆ ನೆಲೆಯೂರಬೇಕೆಂದು ಗಂಡ ಹೆಂಡತಿ ನ್ಯೂಜಿಲೆಂಡಿಗೆ ಹೋಗುವ ತೀರ್ಮಾನ ಮಾಡಿದ್ದರು. ಮೊದಲ ದಿನ ಅವರು ತಮ್ಮ ವಾರ್ಡಿನ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿದರು. ಔಷಧಿಯ ಪ್ರಮಾಣದ ಬಗ್ಗೆ ಡಾಕ್ಟರರೊಡನೆ ವಾದಿಸಿ ಒಬ್ಬ ರೋಗಿಯನ್ನು ಉಳಿಸಿಕೊಂಡ ಕಥೆ. ತಡವರಿಕೆಯಿಲ್ಲದ ಸೀದಾ ಮಾತು. ನಾನು ಕೇಳುತ್ತ ಕೂತೇ ಬಿಟ್ಟಿದ್ದೆ. ಸಾರ್ ಮಾತ್ರ ಆಮೇಲೆ ನನ್ನ ಹತ್ತಿರ, "ಫ್ಲೋ ಉಂಟು, ಆದ್ರೆ ಸ್ಟೈಲ್ ಇಲ್ಲ" ಎಂದರು.

ಮೂರು ತಿಂಗಳು ನಾನು ಅವರಿಗೆ ಆರೂವರೆ ಹಾಕಿದೆ. ಆ ಅಂಕಿ ಒಬ್ಬರನ್ನು ಏನು ಮಾಡಬಲ್ಲದೆಂದು ಹತ್ತಿರದಿಂದ ನೋಡಿದೆ. ಅವರು ಬರೆದದ್ದನ್ನು ಹೊಡೆದು ಹಾಕಲು ಶುರುಮಾಡಿದರು. ಮಾತಿನ ನಡುವೆ ನಿಲ್ಲತೊಡಗಿದರು. ಒಂದು ದಿನ ಬಾಗಿಲ ಬಳಿ ತಡೆದು, "ಟೀಚರ್, 'ಐ ಹ್ಯಾವ್ ಗಿವನ್' ಅಂತ ಹೇಳುದು ಸರಿಯಾ? ನಾನು ಇಷ್ಟು ವರ್ಷ ಹಾಗೆಯೇ ಹೇಳ್ತಿದ್ದೆ" ಎಂದು ಕೇಳಿದರು. ಸರಿ ಎಂದೆ. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಹದಿನಾಲ್ಕು ವರ್ಷ ಅನ್ನ ಕೊಟ್ಟ ಭಾಷೆಯನ್ನು ಸಾರ್ ಮತ್ತು ನಾನು ಸೇರಿ ಅವರ ಬಾಯಿಂದ ಕಿತ್ತುಕೊಂಡಿದ್ದೆವು.

ನವೆಂಬರಿನ ಒಂದು ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಅವರು ನನ್ನ ಪಕ್ಕ ಬಂದು ಕೂತರು. ಹಿಂದಿನ ದಿನ ನಾನು ತಿದ್ದಿ ಕೊಟ್ಟ ಹಾಳೆ ತೆಗೆದು ಮಡಿಲಲ್ಲಿಟ್ಟರು. ಆರೂವರೆ ಎಂದು ನನ್ನ ಕೈಯಿಂದಲೇ ಕೆಂಪು ಶಾಯಿಯಲ್ಲಿ ಬರೆದಿತ್ತು.

"ಇದು ನಾನು ಬರೆದದ್ದಲ್ಲ ಟೀಚರ್" ಎಂದರು. "ಸಾರ್‌ನ ಪುಸ್ತಕದ ನಲವತ್ತನೇ ಪುಟದ್ದು. ಒಂಬತ್ತು ಬ್ಯಾಂಡಿನ ಉತ್ತರ ಅಂತ ಮೇಲೆ ಹಾಕಿದ್ದಾರೆ. ಒಂದು ಕಾಮಾ ಸಹ ಬಿಡದೆ ಇಳಿಸಿದ್ದೇನೆ."

ನನಗೆ ಗುರುತೇ ಸಿಕ್ಕಿರಲಿಲ್ಲ. ಹಾಳೆಗಳನ್ನು ಓದುವುದನ್ನು ನಾನು ಯಾವಾಗಲೋ ಬಿಟ್ಟಿದ್ದೆ. ಹೆಸರು ನೋಡಿ ಅಂಕಿ ಬರೆಯುತ್ತಿದ್ದೆ, ಅಷ್ಟೇ.

"ನೀವು ಓದಿದ್ರಾ?"

"ಇಲ್ಲ ಅಕ್ಕ."

"ಮೊದಲಿನದ್ದೆಲ್ಲ?"

"ಆರೂವರೆ ಮೇಲೆ ಹಾಕ್ಬಾರ್ದು ಅಂತ ಸಾರ್ ಹೇಳಿದ್ರು."

ಅವರು ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಹಾಳೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಉಪ್ಪಳದ ಬಸ್ಸು ಬಂದಾಗ ಹತ್ತಿ ಹೋದರು.

ಮರುದಿನ ಬೆಳಿಗ್ಗೆ ಸಾರ್ ಪಾಠ ಶುರುಮಾಡುವ ಮೊದಲೇ ಅಕ್ಕ ಎದ್ದು ನಿಂತರು. ಪುಸ್ತಕವನ್ನೂ ತನ್ನ ಹಾಳೆಯನ್ನೂ ಎಲ್ಲರಿಗೂ ತೋರಿಸಿದರು. "ಸಾರ್, ನಿಮ್ಮ ಒಂಬತ್ತಿಗೇ ನೀವು ಆರೂವರೆ ಕೊಟ್ಟಿದ್ದೀರಿ. ನನ್ನ ಸರ್ಟಿಫಿಕೇಟ್ ಕೊಡಿ, ನಾನು ಹೋಗ್ತೇನೆ."

ಸಾರ್ ನಕ್ಕರು. ಶಿಸ್ತು, ನಿಯಮ, ಸಹಿ ಹಾಕಿದ ಅರ್ಜಿ ಎಂದು ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ವ್ಯಾಕರಣ ಎರಡು ಕಡೆ ತಪ್ಪಿತು. ಸಾರ್ ಮುಗಿಸುವ ತನಕ ಕಾದು ಅಕ್ಕ ಇಂಗ್ಲಿಷಿನಲ್ಲೇ ಉತ್ತರಿಸಿದರು. ಬಹುಶಃ ಆಸ್ಪತ್ರೆಯಲ್ಲಿ ತಪ್ಪು ಮಾಡಿದ ಡಾಕ್ಟರರೊಡನೆ ಮಾತಾಡುತ್ತಿದ್ದ ಧಾಟಿ ಅದು: ಸಭ್ಯ, ನಿಧಾನ, ಬಗ್ಗದ್ದು. ಇನ್ನೊಬ್ಬರ ಅಸಲು ದಾಖಲೆ ಇಟ್ಟುಕೊಳ್ಳಲು ಯಾವ ಕಾನೂನಿನಲ್ಲಿ ಅವಕಾಶವಿದೆ ಎಂದು ಕೇಳಿದರು. ಕೊನೆಗೆ, ಈ ಪರೀಕ್ಷೆಯಲ್ಲಿ ನಿಮಗೆಷ್ಟು ಬ್ಯಾಂಡ್ ಬಂದಿತ್ತು ಸಾರ್ ಎಂದರು.

"ಟ್ರೈನರ್ಸ್ ಪರೀಕ್ಷೆ ಬರೆಯುದಿಲ್ಲ" ಎಂದರು ಸಾರ್. ಮೊದಲ ಬಾರಿ ತರಗತಿಯಲ್ಲಿ ಅವರ ಬಾಯಿಂದ ಕನ್ನಡ ಬಂತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

ಅಕ್ಕ ಕುರ್ಚಿಯೊಂದನ್ನು ಎಳೆದು ಕಪಾಟಿನ ಎದುರು ಹಾಕಿ ಕೂತರು. "ಕೊಡುವಲ್ಲಿವರೆಗೆ ಇಲ್ಲೇ ಇರ್ತೇನೆ. ನನಗೆ ಹನ್ನೆರಡು ಗಂಟೆಯ ಡ್ಯೂಟಿ ಅಭ್ಯಾಸ ಉಂಟು." ಬೋವಿಕಾನದಿಂದ ಬರುತ್ತಿದ್ದ ಒಬ್ಬಳು ಹುಡುಗಿ, ನಾಲ್ಕನೇ ಸಲ ಫೀಸು ಕಟ್ಟಿ ಕೂತವಳು, ತನ್ನ ಕುರ್ಚಿಯನ್ನೂ ಎತ್ತಿ ತಂದು ಪಕ್ಕದಲ್ಲಿ ಹಾಕಿದಳು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ.

ಕಪಾಟಿನ ಇನ್ನೊಂದು ಕೀ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಅದು ಅಲ್ಲಿದೆಯೆಂದು ಸಾರ್‌ಗೆ ಮತ್ತು ನನಗೆ ಮಾತ್ರ ಗೊತ್ತು. ನಾನು ಎರಡು ಗಂಟೆ ಹೊತ್ತು ಆ ಡ್ರಾಯರಿನ ಮೇಲೆ ಕೈಯಿಟ್ಟುಕೊಂಡು ಕೂತೆ, ತೆರೆಯಲಿಲ್ಲ. ಸಾರ್ ಬಗ್ಗೆ ನನಗಿರುವ ಅಸಹ್ಯವೇನೂ ಕಡಿಮೆಯದಲ್ಲ. ಆದರೆ ಆ ಎರಡು ಗಂಟೆಯನ್ನು ನೆನೆದರೆ ಅದರ ಪಾಲು ನನಗೂ ಸಲ್ಲುತ್ತದೆ. ಊಟದ ಹೊತ್ತಾಯಿತು, ಯಾರೂ ಏಳಲಿಲ್ಲ. ಕೆಳಗಿನ ಅಂಗಡಿಯವರು ಗಲಾಟೆಯೇನೆಂದು ಮೆಟ್ಟಿಲು ಹತ್ತಿ ಇಣುಕಿದರು. ಹೊರಗಿನವರ ಕಣ್ಣು ಬಿದ್ದದ್ದೇ ಸಾರ್ ಕಿಸೆಯಿಂದ ಕೀ ತೆಗೆದರು. ಹೆಸರು ಕರೆದು ಎಲ್ಲರ ಫೈಲನ್ನೂ ಕೊಟ್ಟರು, ಬಹುಮಾನ ಹಂಚುವವರ ಹಾಗೆ.

ಅಕ್ಕ ಮುಂದಿನ ತಿಂಗಳು ಮಂಗಳೂರಿನಲ್ಲಿ ಸ್ವಂತವಾಗಿ ಪರೀಕ್ಷೆ ಬರೆದರು. ನಾಲ್ಕು ವಿಭಾಗದಲ್ಲೂ ಏಳೂವರೆಗಿಂತ ಕಡಿಮೆಯಿಲ್ಲ. ನಾಚಿಕೆಯೆಂಬುದು ಸಾರ್‌ಗೆ ಇದ್ದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಅರ್ಜಿಯಲ್ಲಿದ್ದ ಅಕ್ಕನ ಫೋಟೋ ದೊಡ್ಡದು ಮಾಡಿಸಿ, 'ನಮ್ಮ ಹೆಮ್ಮೆಯ ವಿದ್ಯಾರ್ಥಿನಿ' ಎಂದು ಹೆದ್ದಾರಿಯ ಬದಿಗೆ ಫ್ಲೆಕ್ಸ್ ಕಟ್ಟಿಸಿದರು. ಅಕ್ಕ ಮತ್ತು ಅವರ ಗಂಡ ಒಂದು ಬೆಳಿಗ್ಗೆ ಏಣಿ ತಂದು, ನಾಲ್ಕು ಜನ ನೋಡುತ್ತಿರುವಂತೆ ಅದನ್ನು ಬಿಚ್ಚಿ ಸುತ್ತಿಕೊಂಡು ಹೋದರು. ಕಟ್ಟಿಗೆ ಕೊಟ್ಟಿಗೆಗೆ ಮುಚ್ಚಲು ಆಯಿತು ಎಂದು ಆಮೇಲೆ ಹೇಳಿದರು.

ನಾನು ಅಲ್ಲಿಂದ ಬಿಟ್ಟದ್ದು ಎರಡು ತಿಂಗಳ ನಂತರ, ನೇಮಕಾತಿಯ ಕಾಗದ ಬಂದ ಮೇಲೆ. ಬೇಸತ್ತು ಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಸಾರ್ ಬೇರೆ ಊರಿನಲ್ಲಿ ಬೇರೆ ಹೆಸರಿನ ಬೋರ್ಡು ಹಾಕಿದರು. ಶಾಲೆಯೊಂದರ ಸಮಾರಂಭದಲ್ಲಿ ಶಿಕ್ಷಣ ತಜ್ಞರೆಂದು ವೇದಿಕೆಯ ಮೇಲೆ ಕೂತದ್ದನ್ನೂ ನೋಡಿದೆ.

ಐದಾರು ವರ್ಷದ ಮೇಲೆ ಅಕ್ಕ ರಜೆಯಲ್ಲಿ ಊರಿಗೆ ಬಂದವರು ನನ್ನ ಶಾಲೆಗೆ ಬಂದರು. ಅಲ್ಲಿ ಖಾಯಂ ನೆಲೆಸುವ ಪರವಾನಗಿ ಸಿಕ್ಕಿತಂತೆ, ಗಂಡ ಬಸ್ಸು ಓಡಿಸುತ್ತಾರಂತೆ, ಮಗಳು ಕಾಲೇಜಿಗೆ. ಸ್ಟಾಫ್ ರೂಮಿನಲ್ಲಿ ಚಾ ಕುಡಿಯುತ್ತ, ಮಗಳ ಫೋಟೋ ತೋರಿಸುತ್ತ, ಮಾತಿನ ನಡುವೆ ಕೇಳಿದರು, "ಟೀಚರ್, ನಿಮಗೆ ಆಗ ಎಂತ ಹೆದರಿಕೆ ಇದ್ದದ್ದು?"

ಸಿಟ್ಟಿನ ಪ್ರಶ್ನೆಯಲ್ಲ. ನಿಜಕ್ಕೂ ತಿಳಿಯಬೇಕಿತ್ತು ಅವರಿಗೆ.

"ಗೊತ್ತಿಲ್ಲ ಅಕ್ಕ" ಎಂದೆ. "ಯೋಚಿಸಿ ನೋಡಿದ್ರೆ ಹೆದರುವಂಥದ್ದು ಎಂತದೂ ಇರ್ಲಿಲ್ಲ."

ಅವರು ಹೌದೆಂದು ತಲೆಯಾಡಿಸಿ, ಮುಂದಿನ ಫೋಟೋ ತೋರಿಸಿದರು.