ಚಕ್ರಕ್ಕೆ ಕಟ್ಟಿದ್ದ ವಸ್ತ್ರ

1989ರ ಏಪ್ರಿಲ್‌ನಲ್ಲಿ, ಐಗಳಿ ಸಮೀಪದ ಹಳ್ಳಕ್ಕೆ ಕಟ್ಟಿದ್ದ ಖಾಸಗಿ ಒಡ್ಡಿನ ತೂಬಿನೊಳಗೆ ದಸ್ತಗೀರ ಎಂಬ ಕೂಲಿಕಾರ ಮುಳುಗಿ ಸತ್ತ. ಆಗ ನಾನು ದಿನಪತ್ರಿಕೆಯೊಂದರ ಅಥಣಿ ವರದಿಗಾರ. ಕ್ಯಾಮೆರಾ ಹಿಡಿದು ಅಲ್ಲೇ ನಿಂತಿದ್ದೆ.

ಒಡ್ಡು ಊರಿನ ಸಾವ್ಕಾರರದು. ಜಮೀನೂ ಅವರದೇ, ನೀರು ಯಾರಿಗೆ ಎಂಬ ತೀರ್ಮಾನವೂ ಅವರದೇ. ಏರಿಯ ಅಡಿಯಲ್ಲಿ ತೂಬು, ಅಂದರೆ ನೀರು ಹೊರಹೋಗುವ ಕೊಳವೆ. ಏರಿಯ ಮೇಲೆ ಅದರ ಗೇಟು ತೆರೆಯುವ ಕಬ್ಬಿಣದ ಚಕ್ರ. ಬೇಸಿಗೆಯಲ್ಲಿ ತೂಬಿಗೆ ಹೂಳು ತುಂಬುತ್ತಿತ್ತು. ಕೆಳಗಿನ ಬಾಯಿಂದ ಒಬ್ಬ ತೆವಳಿಕೊಂಡು ಹೋಗಿ ತೆಗೆಯಬೇಕು. ಒಳಗೆ ಹೋಗುವವನು ತನ್ನ ಹೆಗಲ ವಸ್ತ್ರವನ್ನು ಚಕ್ರಕ್ಕೆ ಕಟ್ಟುತ್ತಿದ್ದ. ಹೊರಗೆ ಬಂದು ಅವನೇ ಬಿಚ್ಚಬೇಕು. ಅಲ್ಲಿಯವರೆಗೆ ವಸ್ತ್ರವನ್ನೂ ಚಕ್ರವನ್ನೂ ಬೇರೆ ಯಾರೂ ಮುಟ್ಟುವಂತಿಲ್ಲ. ಈ ವಾಡಿಕೆ ನನಗೆ ಗೊತ್ತಾದದ್ದು ಹೆಣ ಹೊರಬಂದ ಮೇಲೆ.

ಅಂದು ಕೆಳಗಿನ ಹೊಲಗಳಿಗೆ ನೀರು ಬಿಡಲು ಅಧಿಕಾರಿಯೊಬ್ಬರನ್ನು ಕರೆಸಿದ್ದರು. ಚಕ್ರದ ಮೇಲೆ ಹಸಿರು ಚೌಕಳಿಯ ವಸ್ತ್ರವಿತ್ತು.

"ಯಾಂವನ ಲಂಗೋಟಿ ಒಣಾಕ ಹಾಕೀರಿ ಲೇ ಇಲ್ಲಿ?" ಎಂದರು ಸಾವ್ಕಾರರು. ನಾವೆಲ್ಲ ನಕ್ಕೆವು.

"ದಸ್ತಗೀರಂದ್ರಿ. ಇನ್ನಾ ಒಳಗ ಅದಾನ್ರಿ" ಎಂದ ಒಡ್ಡು ಕಾಯುವ ಭೀಮಪ್ಪ.

"ಚಕ್ರಾ ತಿರುವು ಅಂತ ನಾ ಅಂದ್ನೇನು? ವಸ್ತ್ರ ತಗಿ. ಹಾರ ಹಾಕೂ ಜಾಗಾ ಅದು."

ಭೀಮಪ್ಪ ಬಿಚ್ಚಿದ. ಜೀಪಿನ ಡ್ರೈವರ್ ಅದನ್ನು ಇಸಿದುಕೊಂಡು ಗಾಜು ಒರೆಸಿದ. ದಸ್ತಗೀರನನ್ನು ಕರೆಯಲು ಭೀಮಪ್ಪ ಕೆಳಗಿಳಿಯುತ್ತಿದ್ದಾಗ ಸಾವ್ಕಾರರು ತಡೆದರು: "ಮೊದಲ ಸಾಹೇಬ್ರಿಗೆ ಖುರ್ಚಿ ತಾ."

ಅವನು ಖುರ್ಚಿಗೆ ಹೋದ. ಅಧಿಕಾರಿ ಕಾಯಿ ಒಡೆದು ಚಕ್ರ ತಿರುಗಿಸಿದರು. ನಾನು ಫೋಟೊ ತೆಗೆದೆ. ಕೆಳಗೆ ನೀರು ಬರಲಿಲ್ಲ.

"ಕಸಾ ಸಿಕ್ಕೈತ್ರಿ ಸಾಹೇಬ್ರ. ಇನ್ನೆರಡು ಸುತ್ತು ತಿರುವ್ರಿ" ಎಂದರು ಸಾವ್ಕಾರರು.

ಇನ್ನೆರಡು ಸುತ್ತಿಗೆ ಕೆಸರು ಬಂತು. ಅದರ ಹಿಂದೆ ದಸ್ತಗೀರ ಬಂದ. ಖುರ್ಚಿ ಹೊತ್ತು ಏರಿ ಹತ್ತುತ್ತಿದ್ದ ಭೀಮಪ್ಪ ಅದನ್ನು ಅಲ್ಲೇ ಬಿಟ್ಟು ಕೂತುಬಿಟ್ಟ.

ವಾಡಿಕೆಯಂತೆ ವಸ್ತ್ರ ಕಟ್ಟದೆ ಇಳಿದದ್ದು ಮೃತನದೇ ತಪ್ಪು ಎಂದು ಪಂಚನಾಮೆಯಲ್ಲಿ ಬರೆದರು. ಭೀಮಪ್ಪ ಸಹಿ ಹಾಕಿದ.

ಮೂರನೆಯ ದಿನ ದಸ್ತಗೀರನ ಹೆಂಡತಿ ಖತೀಜಾ ನಮ್ಮ ಮನೆಗೆ ಬಂದಳು. "ಅಣ್ಣಾರ, ನೀವು ಅಲ್ಲೇ ಇದ್ರಿ. ಅವ್ರು ವಸ್ತ್ರ ಕಟ್ಟಿದ್ರೋ ಇಲ್ಲೋ, ಅಷ್ಟ ಹೇಳ್ರಿ."

"ಕಟ್ಟಿದ್ದ, ತಂಗಿ."

"ಹಂಗಾರ ಬರೀರಿ. ಸತ್ತಾಂವನ ಮ್ಯಾಲ ತಪ್ಪು ಹೊರಿಸ್ಯಾರ."

ಬರೆದೆ. ಪೊಲೀಸ್ ದಾಖಲೆಯಲ್ಲಿಲ್ಲ ಎಂದು ಪತ್ರಿಕೆಯ ಡೆಸ್ಕಿನವರು ಆ ಸಾಲು ತೆಗೆದರು. ಫೋಟೊ ಮಾತ್ರ ಅಚ್ಚಾಗಿತ್ತು.

ವಿಚಾರಣೆಯಲ್ಲಿ ನಾನು ಕಂಡದ್ದನ್ನು ಕಂಡಂತೆ ಹೇಳಿದೆ. ಸಾವ್ಕಾರರು ನನ್ನದೇ ಫೋಟೊ ಮುಂದಿಟ್ಟರು.

"ಇದು ನೀವ ತಗದದ್ದಲ್ಲ? ವಸ್ತ್ರ ಎಲ್ಲೈತಿ, ತೋರಸ್ರಿ."

ಚಕ್ರದ ಮೇಲೆ ಚೆಂಡುಹೂವಿನ ಹಾರವಷ್ಟೇ ಇತ್ತು. ಪ್ರಕರಣ ಮುಗಿಯಿತು.

1996ರಲ್ಲಿ ಕೊನೆಯ ಸಲ ಆ ಒಡ್ಡಿಗೆ ಹೋಗಿದ್ದೆ. ಕಾವಲು ಕೋಣೆಯಲ್ಲಿ ಆ ಫೋಟೊ ಕಟ್ಟು ಹಾಕಿಸಿ ತೂಗುಹಾಕಿದ್ದರು. ತೂಬಿಗೆ ಇಳಿಯುವವರು ಆಗ ವಸ್ತ್ರ ಕಟ್ಟುತ್ತಿರಲಿಲ್ಲ. ಹೆಂಡತಿಯನ್ನು ಚಕ್ರದ ಪಕ್ಕದಲ್ಲಿ ಕೂರಿಸಿ ಇಳಿಯುತ್ತಿದ್ದರು.